ನಾಯಕರ ನಾಲಿಗೆ, ಪಕ್ಷದ ಮೌನ

(ಲಿಂಗರಾಜಪುರದ ಸಭೆಯಲ್ಲಿ ಹಾಸ್ಟೆಲ್ ಗೆಳೆಯರೆದುರು ಆಡಿದ ಮಾತು)



'ದಲಿತರ ಸಭೇಲಿ ಸಲಿಂಗಿಗಳ ಸುದ್ದಿ ಯಾಕಪ್ಪ?' ಅಂತ ಹಿಂದಿನ ಸಾಲಿನಲ್ಲಿ ಗುಸುಗುಸು ಕೇಳಿಸ್ತು. ಹೇಳ್ತೀನಿ.

2011ರಲ್ಲಿ ಕೇಂದ್ರದ ಆರೋಗ್ಯ ಮಂತ್ರಿ ಗುಲಾಂ ನಬಿ ಆಜಾದ್ ಇದು ಅಸಹಜ, ಹೊರದೇಶದಿಂದ ಬಂದ ರೋಗ ಎಂದರು. ಗದ್ದಲವಾದ ಮೇಲೆ, ನಾನು ಹೇಳಿದ್ದು ಎಚ್‌ಐವಿ ಬಗ್ಗೆ ಎಂದು ಜಾರಿಕೊಂಡರು. ಕುರ್ಚಿ ಅಲುಗಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು 377ನೇ ಕಲಮಿಗೆ ಮತ್ತೆ ಜೀವ ಕೊಟ್ಟಾಗ ಬಿಜೆಪಿ ಅಧ್ಯಕ್ಷ ರಾಜನಾಥ್ ಸಿಂಗ್ ಆ ಕಲಮಿಗೇ ನಮ್ಮ ಬೆಂಬಲ ಎಂದರು. ಕಾಂಗ್ರೆಸ್ ನಾಯಕರು ತೀರ್ಪಿಗೆ ಬೇಸರಪಟ್ಟರು, ಒಪ್ಪೋಣ. ಆದರೆ 2015ರಲ್ಲಿ ಅವರದೇ ಶಶಿ ತರೂರ್ ಲೋಕಸಭೆಗೆ ತಿದ್ದುಪಡಿ ಮಸೂದೆ ತಂದರೆ ಪರವಾಗಿ ಬಿದ್ದದ್ದು 24 ಮತ, ವಿರುದ್ಧ 71. ಮಂಡನೆಗೇ ಬಿಡಲಿಲ್ಲ. ಕಾಂಗ್ರೆಸ್ಸಿನವರೇ 40ಕ್ಕೂ ಹೆಚ್ಚು ಮಂದಿ ಇದ್ರಲ್ಲ, ಎಲ್ಲಿ ಹೋಗಿದ್ರು?

'ಅದು ಅವರ ವೈಯಕ್ತಿಕ ಅಭಿಪ್ರಾಯ.' ಈ ಮಾತಿನ ರುಚಿ ನಮಗೆ ಗೊತ್ತು. ನಮ್ಮ ಜಾತಿ ಹಿಡಿದು ಬೈದಾಗಲೂ ಪಕ್ಷಗಳು ಕೊಡೋ ಉತ್ತರ ಇದೇ ತಾನೆ? ಟಿಕೆಟ್ ಕೊಟ್ಟ ಪಕ್ಷ ಅಂದೇ ಖಂಡಿಸಬೇಕು, ನೋಟಿಸು ಕೊಡಬೇಕು, ಕ್ಷಮೆ ಕೇಳದವನಿಗೆ ಮುಂದಿನ ಟಿಕೆಟ್ ತಪ್ಪಿಸಬೇಕು.

1934ರಲ್ಲಿ ಲೈಂಗಿಕ ವಿಚಾರ ಬರೆದ ಕರ್ವೆಯವರ ಪರ ಮುಂಬೈ ಕೋರ್ಟಿನಲ್ಲಿ ವಾದಿಸಿದ್ದು ಬಾಬಾಸಾಹೇಬರು. ಸೋತರು, ಆದರೆ ನಾಚಲಿಲ್ಲ. 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟು ಒಪ್ಪಿತ ಸಂಬಂಧ ಅಪರಾಧವಲ್ಲ ಎಂದಾಗ ಆಧಾರವಾಗಿ ಹಿಡಿದದ್ದು ಅವರು ಒತ್ತಿ ಹೇಳಿದ ಸಾಂವಿಧಾನಿಕ ನೈತಿಕತೆಯನ್ನೇ.

ಪಕ್ಷಗಳನ್ನು ಬೈದದ್ದಾಯ್ತು. ನಮ್ಮ ಹಾಸ್ಟೆಲಿನಲ್ಲಿ ನಡಿಗೆ ನೋಡಿ ಅಡ್ಡಹೆಸರಿಟ್ಟು ಕರೀತೀರಲ್ಲ ಒಬ್ಬ ಹುಡುಗನ್ನ, ಅವನು ಇವತ್ತೂ ಈ ಸಭೆಗೆ ಬಂದಿಲ್ಲ. ಮುಂದಿನ ಸಭೆಗೆ ಅವನ ಹೆಸರು ಹಿಡಿದೇ ಕರಕೊಂಡು ಬನ್ನಿ.