ಊರಿಗೆ ಯಾವ ಉದ್ಯಮ?



‘ನಮ್ಮೂರಿಗೂ ಒಂದು ಐಟಿ ಕಂಪನಿ ತರಿಸಪ್ಪ’ ಎಂದು ಹಲವರು ನನ್ನನ್ನು ಕೇಳುತ್ತೀರಿ. ಬೆಂಗಳೂರಿಗೂ ಐಟಿ ಒಮ್ಮೆಲೇ ಬರಲಿಲ್ಲ. 1909ರ ವಿಜ್ಞಾನ ಸಂಸ್ಥೆ, 1940ರ ವಿಮಾನ ಕಾರ್ಖಾನೆ, ಆಮೇಲೆ ಐಟಿಐ, ಬಿಇಎಲ್ ಬೆಳೆಸಿದ ಪರಿಣತರು ಅಲ್ಲಿದ್ದರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕೆಲಸ, ಲೇತ್ ಕೆಲಸ ಬಲ್ಲವರಿದ್ದರು. ಆ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳ ತಯಾರಿಕೆ ಬೇರೂರಿತು.

ಹಾಗಾಗಿ ನಾವು ಕೇಳಿಕೊಳ್ಳಬೇಕಾದ್ದು ಮೂರು: ನಮ್ಮವರ ಕೈಗೆ ಯಾವ ಕೆಲಸ ಗೊತ್ತು? ಆ ಮಾಲನ್ನು ಹೊರಗಿನವರು ಕೊಳ್ಳುತ್ತಾರೆಯೇ? ಕೆಲಸ ನಮ್ಮ ಮಕ್ಕಳಿಗೇ ಸಿಗುತ್ತದೆಯೇ? ಜಮೀನು ಕೊಡುವ ಮುನ್ನ ಮೂರಕ್ಕೂ ಉತ್ತರ ಬೇಕು. ಒಮ್ಮೆ ಕೊಟ್ಟ ಹೊಲ ಮರಳಿ ಬರುವುದು ಕಷ್ಟ. ಈ ಲೆಕ್ಕ ಹಾಕಲು ಹಳೆಯ ವಿದ್ಯಾರ್ಥಿಗಳಾದ ನಾವು ನಿಮ್ಮ ಜೊತೆಗಿದ್ದೇವೆ.