ಮೈಸೂರಿನ ಹೆರಿಗೆ ದಾಖಲೆ, ಫ್ರಾಂಕ್‌ಫರ್ಟಿನ ಹಳದಿ ಪುಸ್ತಕ

(ಅಧ್ಯಕ್ಷ ಭಾಷಣ)



ಫ್ರಾಂಕ್‌ಫರ್ಟಿನಲ್ಲಿ ಕೂತು ಆರೋಗ್ಯದ ಅಂಕಿಅಂಶಗಳ ಬಗ್ಗೆ ಕನ್ನಡದಲ್ಲಿ ಮಾತಾಡೋಣ ಎಂದು ಇಷ್ಟು ಜನ ಸೇರಿದ್ದೀರಲ್ಲ, ನನಗೆ ಅದೇ ದೊಡ್ಡ ಸಂತೋಷ. ವೈದ್ಯ ವಿಜ್ಞಾನಿ ಪಾಲ್ ಎರ್ಲಿಖ್ ಔಷಧದ ಪ್ರಮಾಣಕ್ಕೂ ಅದರ ಪರಿಣಾಮಕ್ಕೂ ಇರುವ ನಂಟನ್ನು ಅಳೆಯುತ್ತ ವರ್ಷಗಟ್ಟಲೆ ದುಡಿದ ಊರು ಇದು. ಇಂಥ ಮಾತಿಗೆ ತಕ್ಕ ಜಾಗ.

ಕೋಷ್ಟಕ ಮತ್ತು ಗ್ರಾಫುಗಳ ಬಗ್ಗೆ ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಎರಡು ಅಂಶಗಳ ನಡುವೆ ನಂಟಿದೆ ಎಂದು ತೋರಿಸಬೇಕಾದರೆ ಅವೆರಡೂ ಒಬ್ಬನೇ ಮನುಷ್ಯನ ಹೆಸರಿನ ಮುಂದೆ ಬರೆದಿರಬೇಕು. ಒಂದನ್ನು ಇವತ್ತು ಬರೆದು ಇನ್ನೊಂದನ್ನು ಐವತ್ತು ವರ್ಷ ಬಿಟ್ಟು ಬರೆಯಬೇಕಾಗಿ ಬಂದರೆ, ಮೊದಲು ಬರೆದದ್ದನ್ನು ಯಾರಾದರೂ ಕಾಪಾಡಿಟ್ಟಿರಬೇಕು. ಇದಕ್ಕೆ ನಾನು ಕೊಡಬಲ್ಲ ಅತ್ಯುತ್ತಮ ಉದಾಹರಣೆ ಮೈಸೂರಿನದು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಮೆಥೊಡಿಸ್ಟ್ ಮಿಷನರಿಗಳು 1906ರಲ್ಲಿ ಕಟ್ಟಿದ್ದು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಅಳೆದು ಬರೆದಿಟ್ಟರು. ತಾಯಿಯ ತೂಕವನ್ನೂ ಬರೆದರು, ಅವಳ ಸೊಂಟದ ಎಲುಬಿನ ಅಳತೆಯನ್ನೂ ಬರೆದರು. ಆ ಕಾಲದ ದಾದಿಯರಿಗೆ ಇದು ದಿನನಿತ್ಯದ ಕೆಲಸ. ಈ ಅಂಕಿಗಳಿಂದ ಮುಂದೆ ಯಾರೋ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾರೆ ಎಂದು ಅವರು ಊಹಿಸಿರಲು ಸಾಧ್ಯವೇ ಇಲ್ಲ. ಆದರೂ ತಪ್ಪದೆ ಬರೆದರು. ಆಸ್ಪತ್ರೆ ಅದನ್ನು ಎಸೆಯದೆ ಇಟ್ಟುಕೊಂಡಿತು.

ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ಸಂಶೋಧಕರು ಹರ್ಟ್‌ಫರ್ಡ್‌ಶೈರ್ ಜಿಲ್ಲೆಯ ಹಳೆಯ ಹೆರಿಗೆ ಲೆಡ್ಜರುಗಳನ್ನು ತೆರೆದು, ಕಡಿಮೆ ತೂಕದ ಕೂಸುಗಳು ದೊಡ್ಡವರಾದ ಮೇಲೆ ಹೃದಯರೋಗದಿಂದ ಹೆಚ್ಚು ಸಾಯುತ್ತಾರೆ ಎಂದು 1989ರಲ್ಲಿ ತೋರಿಸಿದ್ದರು. ನಮ್ಮ ನಾಡಿನಲ್ಲೂ ಇದು ನಿಜವೇ ಎಂಬ ಪ್ರಶ್ನೆ ಹುಟ್ಟಿತು. 1990ರ ದಶಕದಲ್ಲಿ ಸೌತಾಂಪ್ಟನ್ನಿನ ಕೆರೊಲಿನ್ ಫಾಲ್ ಮತ್ತು ಮೈಸೂರಿನ ಸಂಗಡಿಗರು ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆ ಮನೆ ಸುತ್ತಿ, ಅಲ್ಲಿ ಹುಟ್ಟಿದವರನ್ನು ಹುಡುಕಿ, ಹಳೆಯ ದಾಖಲೆಗೆ ತಾಳೆ ಹಾಕಿದರು. 1934ರಿಂದ 1954ರ ನಡುವೆ ಹುಟ್ಟಿದ 517 ಗಂಡಸರು ಹೆಂಗಸರ ಹೃದಯ ಪರೀಕ್ಷೆ ನಡೆಯಿತು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು.

ಆ ಕೋಷ್ಟಕವನ್ನು ನಿಧಾನವಾಗಿ ಓದೋಣ. ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯರೋಗ ಶೇಕಡಾ 11. ಮೂರು ಕೆಜಿ ನೂರು ಗ್ರಾಂ ದಾಟಿದವರಲ್ಲಿ ಶೇಕಡಾ 3. ಇಲ್ಲಿಗೇ ನಿಲ್ಲಿಸಿದ್ದರೆ ಇದು ಒಂದೇ ಅಂಶದ ಕಥೆ. ಅವರು ಇನ್ನೊಂದು ಕಂಬಸಾಲು ಎಳೆದರು, ತಾಯಿಯ ತೂಕದ್ದು. ಗರ್ಭಿಣಿಯಾಗಿದ್ದಾಗ ತಾಯಿ ನೂರು ಪೌಂಡಿಗಿಂತ, ಅಂದರೆ ಸುಮಾರು 45 ಕೆಜಿಗಿಂತ, ಕಡಿಮೆ ತೂಗುತ್ತಿದ್ದು, ಮಗುವೂ ಎರಡೂವರೆ ಕೆಜಿ ಮೀರದಿದ್ದರೆ, ಆ ಮಗು ನಡುವಯಸ್ಸಿಗೆ ಬಂದಾಗ ಹೃದಯರೋಗ ಶೇಕಡಾ 20. ಕೋಷ್ಟಕದ ಆ ಒಂದು ಮೂಲೆಯಲ್ಲಿ ಬಡ ತಾಯಿಯ ಹಸಿವೂ ಮಗನ ಎದೆನೋವೂ ಒಟ್ಟಿಗೆ ಕೂತಿವೆ. ಒಂದು ತಲೆಮಾರಿನ ಪಡಿತರಕ್ಕೂ ಮುಂದಿನ ತಲೆಮಾರಿನ ಇ.ಸಿ.ಜಿ.ಗೂ ಇರುವ ನಂಟನ್ನು ಇಷ್ಟು ಚಿಕ್ಕ ಜಾಗದಲ್ಲಿ ತೋರಿಸಿದ ಇನ್ನೊಂದು ಕೋಷ್ಟಕ ನಮ್ಮ ನಾಡಿನಲ್ಲಿ ನಾನು ಕಂಡಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಎರಡು ವಿಷಯ ಗಮನಿಸಬೇಕು. ಶೇಕಡಾವಾರನ್ನು ಯಾವ ದಿಕ್ಕಿನಲ್ಲಿ ಲೆಕ್ಕ ಹಾಕಿದ್ದಾರೆ? ಕಡಿಮೆ ತೂಕದವರಲ್ಲಿ ರೋಗಿಗಳೆಷ್ಟು ಎಂದು ಕೇಳಿದ್ದಾರೆ. ರೋಗಿಗಳಲ್ಲಿ ಕಡಿಮೆ ತೂಕದವರೆಷ್ಟು ಎಂದಲ್ಲ. ಎರಡನೆಯದು ಬೇರೆಯೇ ಪ್ರಶ್ನೆ, ಅದರ ಉತ್ತರವೂ ಬೇರೆ. ಪತ್ರಿಕೆಗಳಲ್ಲಿ ಈ ಎರಡನ್ನೂ ಕಲಸಿಬಿಡುವುದನ್ನು ನಾವೆಲ್ಲ ನೋಡಿದ್ದೇವೆ. ಇನ್ನು, 517 ಜನರನ್ನು ಮಗುವಿನ ತೂಕಕ್ಕೂ ತಾಯಿಯ ತೂಕಕ್ಕೂ ತಕ್ಕಂತೆ ಹಂಚಿದಾಗ ಒಂದೊಂದು ಚೌಕದಲ್ಲಿ ಉಳಿಯುವವರು ಕೆಲವರೇ. ಹಾಗಾಗಿ ಶೇಕಡಾ 20 ಎಂಬ ಅಂಕಿಯ ಪಕ್ಕದಲ್ಲಿ ಎಷ್ಟು ಜನರಲ್ಲಿ ಎಂಬುದು ಇರಲೇಬೇಕು. ಛೇದ ಬರೆಯದ ಶೇಕಡಾವಾರನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ.

ಅದೇ ದಾಖಲೆಗಳಿಂದ ಸಕ್ಕರೆ ಕಾಯಿಲೆಯ ಲೆಕ್ಕ ತೆಗೆದಾಗ ಇನ್ನೂ ದೊಡ್ಡ ಅಚ್ಚರಿ ಕಾದಿತ್ತು. ಇಂಗ್ಲೆಂಡಿನಲ್ಲಿ ಕಡಿಮೆ ತೂಕದ ಕೂಸುಗಳಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು. ಮೈಸೂರಿನಲ್ಲಿ ಬರಿಯ ಜನನ ತೂಕವನ್ನು ಇಟ್ಟು ನೋಡಿದರೆ ಆ ನಂಟು ಕಾಣಿಸಲಿಲ್ಲ. ಉದ್ದವನ್ನೂ ಸೇರಿಸಿ ನೋಡಿದಾಗ ಚಿತ್ರ ತಿಳಿಯಾಯಿತು: ಉದ್ದ ಕಡಿಮೆ ಇದ್ದು, ಆ ಉದ್ದಕ್ಕೆ ಹೋಲಿಸಿದರೆ ಮೈ ತುಂಬಿಕೊಂಡಿದ್ದ ಕೂಸುಗಳೇ ಮುಂದೆ ಹೆಚ್ಚು ಸಕ್ಕರೆ ಕಾಯಿಲೆಗೆ ಬಿದ್ದರು. ಅವರ ತಾಯಂದಿರೂ ಸರಾಸರಿಗಿಂತ ತೂಕದವರು. 1998ರಲ್ಲಿ ಇದು ಪ್ರಕಟವಾಯಿತು. ಗರ್ಭಿಣಿಯರ ಸಕ್ಕರೆ ಕಾಯಿಲೆಯನ್ನು ಮೈಸೂರಿನಲ್ಲಿ ಗಂಭೀರವಾಗಿ ಅಳೆಯಲು ಹೊರಟಿದ್ದೂ ಇದೇ ಹೊತ್ತಿಗೆ. ದಾದಿಯರು ತೂಕ ಮಾತ್ರ ಬರೆದು ಉದ್ದವನ್ನು ಬಿಟ್ಟಿದ್ದರೆ ನಂಟಿಲ್ಲ ಎಂದು ಕಡತ ಮುಚ್ಚುತ್ತಿದ್ದರು.

ನಂಟು ಸುಳ್ಳಾಗಿ ಕಾಣಿಸುವುದೂ ಉಂಟು. ಮಕ್ಕಳನ್ನು ಕೊಕ್ಕರೆ ತಂದುಕೊಡುತ್ತದೆ ಎಂಬ ಕಥೆ ಈ ದೇಶದ ಮಕ್ಕಳಿಗೆಲ್ಲ ಗೊತ್ತು. ರಾಬರ್ಟ್ ಮ್ಯಾಥ್ಯೂಸ್ ಎಂಬವರು ಯುರೋಪಿನ 17 ದೇಶಗಳ ಕೊಕ್ಕರೆಗಳ ಸಂಖ್ಯೆಯನ್ನೂ ಹೆರಿಗೆಗಳ ಸಂಖ್ಯೆಯನ್ನೂ ಹೋಲಿಸಿ, 0.62ರಷ್ಟು ಸಹಸಂಬಂಧ ಇದೆ ಎಂದು 2000ದಲ್ಲಿ ಲೆಕ್ಕ ಮಾಡಿ ತೋರಿಸಿದರು, ಪಾಠಕ್ಕಾಗಿಯೇ. ಅಲ್ಲಿ ಒಂದೊಂದು ಚುಕ್ಕಿ ಒಂದೊಂದು ದೇಶ. ಯಾವ ಚುಕ್ಕಿಯೂ ಒಬ್ಬ ತಾಯಿಯಲ್ಲ. ದೇಶ ದೊಡ್ಡದಾದರೆ ಎರಡೂ ಹೆಚ್ಚುತ್ತವೆ, ಅಷ್ಟೇ.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಯ ಜನ ಜ್ವರಕ್ಕೆ ತುತ್ತಾದರು. ತಿಂಗಳುವಾರು ಗ್ರಾಫ್ ಬರೆದರೆ ಡಿಸೆಂಬರಿನಿಂದ ಮೇವರೆಗೆ ರೋಗಿಗಳ ರೇಖೆ ಏರುತ್ತದೆ. ಉಣುಗಿನ ಮರಿಗಳ ರೇಖೆಯೂ ಅದೇ ತಿಂಗಳುಗಳಲ್ಲಿ ಏರುತ್ತದೆ. ಆದರೆ ಕೊಯ್ಲು ಮುಗಿಸಿದ ಜನ ಸೌದೆಗೆ, ತರಗೆಲೆಗೆ ಕಾಡು ಹೊಗುವುದೂ ಅದೇ ತಿಂಗಳುಗಳಲ್ಲಿ. ರೇಖೆಗಳು ಜೊತೆಯಲ್ಲಿ ಏರಿದ ಮಾತ್ರಕ್ಕೆ ಯಾವುದು ಯಾವುದಕ್ಕೆ ಕಾರಣ ಎಂದು ತಿಳಿಯುವುದಿಲ್ಲ. ಜ್ವರ ಬಂದವರನ್ನೂ ಬರದವರನ್ನೂ ಕಾಡಿಗೆ ಹೋಗಿದ್ದಿರಾ ಎಂದು ಒಬ್ಬೊಬ್ಬರನ್ನಾಗಿ ಕೇಳಬೇಕು. ಹತ್ತು ವರ್ಷಗಳ ನಂತರ, 1967ರಲ್ಲಿ, ಇದೇ ಫ್ರಾಂಕ್‌ಫರ್ಟಿನಲ್ಲೂ ಮಾರ್‌ಬುರ್ಗಿನಲ್ಲೂ ಬೆಲ್‌ಗ್ರೇಡಿನಲ್ಲೂ ಉಗಾಂಡದ ಕೋತಿಗಳಿಂದ ಹೊಸ ಜ್ವರ ಬಂದು 31 ಜನರಿಗೆ ತಗಲಿ 7 ಜನ ತೀರಿಕೊಂಡಾಗಲೂ ಕೇಳಿದ ಪ್ರಶ್ನೆ ಅದೇ: ಯಾರು ಏನನ್ನು ಮುಟ್ಟಿದ್ದರು? ಕೋತಿಯ ರಕ್ತ, ಅಂಗಾಂಶ ಮುಟ್ಟಿದವರ ಸಾಲಿನಲ್ಲೇ ಬಹುಪಾಲು ಕಾಯಿಲೆ ಬಂದು ನಿಂತಿತು.

ಈಗ ಗ್ರಾಫಿನ ಬಗ್ಗೆ ಒಂದು ಮಾತು. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2017-19ರಲ್ಲಿ 83 ಇತ್ತು, 2018-20ರಲ್ಲಿ 69ಕ್ಕೆ ಇಳಿಯಿತು. ನಿಜವಾಗಿ ಸಂತೋಷದ ಸುದ್ದಿ. ಇಳಿಕೆ ಸುಮಾರು ಶೇಕಡಾ 17. ಇದನ್ನೇ ಕಂಬಗಳಾಗಿ ಬರೆದು ಬುಡವನ್ನು ಸೊನ್ನೆಯ ಬದಲು 60ರಿಂದ ಶುರುಮಾಡಿದರೆ, ಎರಡನೆಯ ಕಂಬ ಮೊದಲನೆಯದರ ಅರ್ಧಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಜೊತೆಗೆ 2018, 2019 ಎರಡೂ ಅವಧಿಗಳಲ್ಲಿ ಸೇರಿಕೊಂಡಿವೆ ಎಂಬುದನ್ನು ಕಂಬಗಳು ಹೇಳುವುದೇ ಇಲ್ಲ. ಬಾಣಂತಿಯರ ಸಾವನ್ನು ತೋರಿಸುವ ಚಿತ್ರದಲ್ಲಿ ಅಲಂಕಾರಕ್ಕೆ ಜಾಗವಿಲ್ಲ. ಸೊನ್ನೆಯಿಂದ ಬರೆಯಿರಿ, ಅವಧಿಯನ್ನು ಕಂಬದ ಕೆಳಗೇ ಬರೆಯಿರಿ.

ಇಲ್ಲಿ ಕೂತಿರುವ ತಾಯಿ ತಂದೆಯರು ಪ್ರತಿದಿನ ಎಂಬಂತೆ ನೋಡುವ ಗ್ರಾಫ್ ಒಂದಿದೆ. ಮಕ್ಕಳ ಡಾಕ್ಟರು ತುಂಬಿಕೊಡುವ ಹಳದಿ ಪುಸ್ತಕದ ಕೊನೆಯ ಪುಟಗಳಲ್ಲಿ ತೂಕ, ಎತ್ತರ, ತಲೆಯ ಸುತ್ತಳತೆಯ ರೇಖೆಗಳಿವೆ. ನಮ್ಮ ಮನೆಯ ಕೂಸಿನ ಚುಕ್ಕಿ ಬಹಳ ಸಲ ಕೆಳಗಿನ ರೇಖೆಗಳ ಹತ್ತಿರ ಬೀಳುತ್ತದೆ. ಅಲ್ಲಿಂದ ಚಿಂತೆ ಶುರು, ಊರಿಗೆ ಫೋನು, ಬಲವಂತದ ಊಟ. ಆ ರೇಖೆಗಳು ಯಾವ ಮಕ್ಕಳನ್ನು ಅಳೆದು ಬರೆದವು ಎಂದು ಮೊದಲು ಡಾಕ್ಟರನ್ನು ಕೇಳಿ. ಜರ್ಮನಿಯ ಮಕ್ಕಳನ್ನು ಅಳೆದು ಬರೆದ ರೇಖೆಗಳಿವೆ. ಭಾರತವೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ರೇಖೆಗಳೂ ಇವೆ. ನಮ್ಮ ಅಂಗನವಾಡಿಗಳ ಗೋಡೆಯ ಮೇಲಿರುವುದು ಎರಡನೆಯದು. ಒಂದು ಚುಕ್ಕಿ ನೋಡಿ ಹೆದರಬೇಡಿ, ನಾಲ್ಕಾರು ಚುಕ್ಕಿಗಳನ್ನು ಸೇರಿಸಿ ನೋಡಿ. ಮಗುವಿನ ಗೆರೆ ಅಚ್ಚಾದ ಗೆರೆಯ ಜೊತೆಜೊತೆಗೇ ಸಾಗುತ್ತಿದ್ದರೆ ಸಾಮಾನ್ಯವಾಗಿ ಮಗು ತನ್ನ ಹಾದಿಯಲ್ಲಿದೆ. ಗೆರೆಗಳನ್ನು ದಾಟಿ ಕೆಳಗಿಳಿಯುತ್ತಿದ್ದರೆ, ಅಥವಾ ಎತ್ತರ ನಿಂತಲ್ಲೇ ನಿಂತು ತೂಕ ಮಾತ್ರ ಮೇಲೇರುತ್ತಿದ್ದರೆ, ಆಗ ತಡಮಾಡದೆ ಡಾಕ್ಟರಲ್ಲಿಗೆ ಹೋಗಿ. ಮೈಸೂರಿನ ದಾಖಲೆ ತೂಕವನ್ನೂ ಉದ್ದವನ್ನೂ ಬೇರೆ ಮಾಡದೆ ನೋಡಲು ಕಲಿಸಿದೆ.

ದೊಡ್ಡವರಿಗೂ ಇದು ಸಲ್ಲುತ್ತದೆ. ಎತ್ತರಕ್ಕೆ ತೂಕವನ್ನು ಹೋಲಿಸುವ ಬಿ.ಎಂ.ಐ. ಕೋಷ್ಟಕದಲ್ಲಿ ಇಲ್ಲಿನವರಿಗೆ 25ರವರೆಗೆ ಸರಿ. ಏಷ್ಯಾದವರಿಗೆ 23ರಿಂದಲೇ ಎಚ್ಚರ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ. 24 ಇದ್ದು ನಿಶ್ಚಿಂತೆಯಿಂದಿರುವ ನಮ್ಮವರು ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಲಿ.

ನಿಮ್ಮೆಲ್ಲರಲ್ಲಿ ನನ್ನ ಕೋರಿಕೆ ಇಷ್ಟು. ಆ ಹಳದಿ ಪುಸ್ತಕವನ್ನು ಮನೆ ಬದಲಾಯಿಸುವಾಗ ಎಸೆಯಬೇಡಿ. ಮಕ್ಕಳಿಗೆ 18 ತುಂಬಿದಾಗ ಅವರ ಕೈಗೇ ಕೊಡಿ. ಊರಿನಲ್ಲಿ ಹೆರಿಗೆಯಾದವರು, ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್ ಇನ್ನೂ ಇದ್ದರೆ ಅದರ ಎಲ್ಲ ಪುಟಗಳ ಫೋಟೋ ತೆಗೆದಿಡಿ. ಮುಂದಿನ ಸಲ ಅಮ್ಮನಿಗೆ ಫೋನ್ ಮಾಡಿದಾಗ ನೀವು ಹುಟ್ಟಿದ ಆಸ್ಪತ್ರೆ ಯಾವುದು, ತೂಕ ಎಷ್ಟಿತ್ತು ಎಂದು ಕೇಳಿ, ತಾರೀಖು ಹಾಕಿ ಬರೆದಿಟ್ಟುಕೊಳ್ಳಿ.