ಟ್ರಿಗರ್ ಹಗುರ ಆಗಬೇಕು, ಆದ್ರೆ ಎಷ್ಟು?

ನಾನು ಓದಿದ್ದು ಎಂ.ಟೆಕ್, ಮಾಡೋದು ಸಾಫ್ಟ್‌ವೇರ್ ಕೆಲಸ. ಊರು ಕೊಡಗು, ಈಗ ಇರೋದು ವಿಜಯವಾಡದಲ್ಲಿ. ಇಲ್ಲಿ ಸಾಮಾನ್ಯವಾಗಿ ಸಂಬಳ, ವೀಸಾ, ಮನೆ ಸಾಲದ ಬಗ್ಗೆ ಮಾತಾಡ್ತಾರೆ. ನಾನು ಇವತ್ತು ಕೋವಿಯ ಟ್ರಿಗರ್ ಬಗ್ಗೆ ಮಾತಾಡ್ತೀನಿ. ಯಾಕಂದ್ರೆ ನಾನೊಂದು ತಪ್ಪು ಮಾಡಿದೆ, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಸೆಪ್ಟೆಂಬರ್ 3 ನಮಗೆ ಕೈಲ್ ಪೊಳ್ದ್. ಕೋವಿ, ಕತ್ತಿ ಎಲ್ಲ ದೇವರ ಮುಂದಿಟ್ಟು, ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತೀವಿ. ಆಮೇಲೆ ಕಡಂಬುಟ್ಟು, ಪಂದಿ ಕರಿ. ಮಧ್ಯಾಹ್ನ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ನಮ್ಮನೇಲಿ ದೊಡ್ಡಪ್ಪನ ಕಾಲದ್ದೊಂದು .315 ಬೋಲ್ಟ್ ಆಕ್ಷನ್ ರೈಫಲ್ ಇದೆ. ಇಶಾಪುರದ್ದು, ಒಳಗಿನ ಯಂತ್ರ ಹಳೇ ಲೀ-ಎನ್‌ಫೀಲ್ಡ್‌ನದ್ದೇ. ಆ ವರ್ಷ ನಾನು ಹೊಡೆದ ಮೂರೂ ಗುಂಡು ಕಾಯಿಯ ಬಲಕ್ಕೆ ಹೋದವು. ಟ್ರಿಗರ್ ಅಷ್ಟು ಬಿಗಿ. ಎಳೆದೂ ಎಳೆದೂ ಇಡೀ ಕೋವಿನೇ ತಿರುಗ್ತಿತ್ತು. ಅಣ್ಣ ನಗ್ತಾ, "ಲ್ಯಾಪ್‌ಟಾಪ್ ಬೆರಳು ಕಣೋ ಅದು" ಅಂದ.

ಇಂಜಿನಿಯರ್ ಅಲ್ವಾ, ಮೊದಲು ಅಳತೆ ಮಾಡಿದೆ. ವಿಮಾನಕ್ಕೆ ಹೋಗೋವಾಗ ಸೂಟ್‌ಕೇಸ್ ತೂಗೋ ಕೊಕ್ಕೆ ತಕ್ಕಡಿ ಇರುತ್ತಲ್ಲ, ಅದನ್ನ ಖಾಲಿ ಕೋವಿಯ ಟ್ರಿಗರ್‌ಗೆ ಸಿಕ್ಕಿಸಿ ಐದು ಸಲ ಎಳೆದೆ. ಸರಾಸರಿ ನಾಲ್ಕು ಕಿಲೋ. ಲೀ-ಎನ್‌ಫೀಲ್ಡ್ ಟ್ರಿಗರ್ ಎರಡು ಹಂತದ್ದು. ಅದರ ಮೇಲೆ ಎರಡು ಉಬ್ಬು ಇರ್ತವೆ: ಮೊದಲನೆಯದು ಸಡಿಲ ತೆಗೆಯುತ್ತೆ, ಎರಡನೆಯದು ಗುಂಡು ಬಿಡುತ್ತೆ. ಸೈನ್ಯದ ಲೆಕ್ಕದಲ್ಲಿ ಮೊದಲ ಹಂತ 3ರಿಂದ 4 ಪೌಂಡ್, ಎರಡನೆಯದು 5ರಿಂದ 6.5 ಪೌಂಡ್. ಅಂದ್ರೆ ಕೊನೆಗೆ ಎರಡೂವರೆ ಕಿಲೋ ಆಸುಪಾಸು. ನಮ್ಮದು ನಾಲ್ಕು. ಏನೋ ಕೆಟ್ಟಿದೆ ಅಂತ ಗೊತ್ತಾಯ್ತು. ಏನು ಕೆಟ್ಟಿದೆ ಅಂತ ಹುಡುಕೋ ಬದಲು, ನಂಬರ್ ಕಡಿಮೆ ಮಾಡೋಕೆ ಹೊರಟೆ. ತಪ್ಪು ಅಲ್ಲೇ ಆಗಿದ್ದು.

ಒಳಗೆ ಏನಿದೆ ಅಂತ ಸ್ವಲ್ಪ ಹೇಳ್ತೀನಿ. ಬೋಲ್ಟ್ ಮುಂದೆ ತಳ್ಳಿದಾಗ ಹಿಂದಿನ ಕಾಕಿಂಗ್ ಪೀಸ್ ಸ್ಪ್ರಿಂಗ್ ಒತ್ತಡದಲ್ಲಿ ನಿಲ್ಲುತ್ತೆ. ಅದನ್ನ ಹಿಡಿದಿಡೋದು ಸಿಯರ್ ಅನ್ನೋ ಸಣ್ಣ ತುಂಡು. ಬಾಗಿಲ ಚಿಲಕ ಇದ್ದ ಹಾಗೆ. ಟ್ರಿಗರ್ ಎಳೆದ್ರೆ ಚಿಲಕ ಜಾರುತ್ತೆ, ಪಿನ್ ಮುಂದೆ ಹೊಡೆಯುತ್ತೆ. ಎರಡು ಉಕ್ಕಿನ ಮುಖಗಳು ಎಷ್ಟು ಆಳಕ್ಕೆ, ಯಾವ ಕೋನದಲ್ಲಿ ಒಂದನ್ನೊಂದು ಹಿಡಿದಿವೆ ಅನ್ನೋದರ ಮೇಲೇ ಎಲ್ಲ ನಿಂತಿದೆ. ನಾನು ಒಂದೆರಡು ವಿಡಿಯೋ ನೋಡಿ, ಸಾಣೆ ಕಲ್ಲು ತಗೊಂಡು ಆ ಮುಖ ಉಜ್ಜಿದೆ. ಮತ್ತೆ ತೂಗಿದೆ. 1.4 ಕಿಲೋ! ಬೆಣ್ಣೆ ಥರ. ಎಷ್ಟು ಖುಷಿ ಆಯ್ತು ಅಂದ್ರೆ ಅಣ್ಣನ್ನ ಕೂಗಿ ತೋರಿಸಿದೆ.

ಅವನ ಮಗಳು, ಏಳು ವರ್ಷದವಳು, ಪಕ್ಕದಲ್ಲೇ ನಿಂತಿದ್ದಳು. ನಾನು ಡಮ್ಮಿ ತೋಟಾ ಹಾಕಿ, ಬೋಲ್ಟ್ ಮುಚ್ಚಿ, ಕೋವಿಯ ಬಟ್ಟನ್ನ ನೆಲಕ್ಕೆ ಊರಿದೆ. ಮೆಲ್ಲಗೇ ಊರಿದ್ದು. "ಟಕ್" ಅಂತು.

ಬೆರಳು ಟ್ರಿಗರ್ ಹತ್ರಾನೂ ಇರಲಿಲ್ಲ. ಅದು ಡಮ್ಮಿ ತೋಟಾ ಆಗಿದ್ದಕ್ಕೆ ನಾನಿವತ್ತು ಈ ಕಥೆ ಹೇಳ್ತಿದೀನಿ. ಅಣ್ಣ ಏನೂ ಮಾತಾಡಲಿಲ್ಲ. ಮಗಳ ಕೈ ಹಿಡ್ಕೊಂಡು ಒಳಗೆ ಹೋದ. ಅವನು ಬೈದಿದ್ರೆ ಚೆನ್ನಾಗಿರ್ತಿತ್ತು.

ವಿಜಯವಾಡಕ್ಕೆ ವಾಪಸ್ ಬಂದ ಮೇಲೂ ಆ ಸದ್ದು ಕಿವಿಯಲ್ಲೇ ಇತ್ತು. ಒಂದು ಭಾನುವಾರ ವಿಶಾಖಪಟ್ಟಣದಿಂದ ಬಂದಿದ್ದ ಗೆಳೆಯನ ಜೊತೆ ಕೊಂಡಪಲ್ಲಿಗೆ ಹೋದೆ. ಕೃಷ್ಣದೇವರಾಯ ಕಳಿಂಗ ದಂಡಯಾತ್ರೆಯಲ್ಲಿ ಗೆದ್ದ ಕೋಟೆ ಅದು. ಕೋಟೆ ನೋಡಿ ಇಳಿದು ಬೊಂಬೆ ಮಾಡೋರ ಬೀದಿಗೆ ಬಂದ್ವಿ. ಅಲ್ಲಿ ತೆಲ್ಲ ಪೊಣಿಕಿ ಅನ್ನೋ ಹಗುರ ಮರದಲ್ಲಿ ಬೊಂಬೆ ಕೆತ್ತುತ್ತಾರೆ. ಕೈ, ಕಾಲು, ತಲೆ ಬೇರೆಬೇರೆ ಮಾಡಿ, ಹುಣಸೆಬೀಜದ ಪುಡಿ, ಮರದ ಹೊಟ್ಟು ಕಲಸಿದ ಅಂಟಿನಿಂದ ಕೂಡಿಸ್ತಾರೆ. ಅದಕ್ಕೆ ಮಕ್ಕು ಅಂತಾರೆ. ಒಬ್ಬ ಹಿರಿಯರು ಆನೆಯ ಸೊಂಡಿಲಿಗೆ ಅರ ಹಾಕ್ತಿದ್ರು. ಎರಡು ಸಲ ಉಜ್ಜೋದು, ಬೆರಳಾಡಿಸೋದು, ಮತ್ತೆ ಎರಡು ಸಲ. ನನ್ನ ಅರೆಬರೆ ತೆಲುಗಲ್ಲಿ, "ಜಾಸ್ತಿ ಉಜ್ಜಿಬಿಟ್ರೆ?" ಅಂತ ಕೇಳಿದೆ. ಮಕ್ಕಿನ ಬಟ್ಟಲು ತೋರಿಸಿದ್ರು.

ನನ್ನ ಸಿಯರ್‌ಗೆ ಮಕ್ಕು ಇರಲಿಲ್ಲ. ಅಂಥ ಭಾಗಗಳಲ್ಲಿ ಉಕ್ಕಿನ ಮೇಲ್ಪದರವನ್ನ ಮಾತ್ರ ಗಟ್ಟಿ ಮಾಡಿರ್ತಾರೆ. ಅದನ್ನ ಉಜ್ಜಿ ತೆಗೆದ್ರೆ ಒಳಗಿನ ಮೆತ್ತನೆ ಉಕ್ಕು ಬೇಗ ಸವೆಯುತ್ತೆ. ಇವತ್ತು 1.4 ಕಿಲೋ ಇದ್ದದ್ದು ನೂರು ಗುಂಡು ಆದ ಮೇಲೆ ಎಷ್ಟಿರುತ್ತೋ ಯಾರಿಗೂ ಗೊತ್ತಿರಲ್ಲ. ಕೋನ ಒಂದು ಕೂದಲೆಳೆ ತಪ್ಪಿದ್ರೂ ಸ್ಪ್ರಿಂಗೇ ಸಿಯರನ್ನ ಹೊರಕ್ಕೆ ತಳ್ಳುತ್ತೆ.

ಮುಂದಿನ ಸಲ ಊರಿಗೆ ಹೋದಾಗ ಲೈಸೆನ್ಸ್ ಇರೋ ಗನ್‌ಸ್ಮಿತ್ ಹತ್ರ ಕೋವಿ ಕೊಟ್ಟೆ. ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನ 2029ರವರೆಗೆ ವಿಸ್ತರಿಸಿದ್ದಾರೆ. ಆದ್ರೆ ಅದು ಸಿಕ್ಕಸಿಕ್ಕವರು ಟ್ರಿಗರ್ ಉಜ್ಜೋಕೆ ಕೊಟ್ಟ ಅನುಮತಿ ಅಲ್ಲ. ಬಂದೂಕು ರಿಪೇರಿ ಕಸುಬಿಗೆ 1959ರ ಆಯುಧ ಕಾಯ್ದೆಯಲ್ಲಿ ಬೇರೆ ಲೈಸೆನ್ಸೇ ಇದೆ.

ಅವರು ಮೊದಲು ಮಾಡಿದ್ದೇನು ಗೊತ್ತಾ? ಮರ ನೋಡಿದ್ರು. ಈ ಮಾದರಿಯಲ್ಲಿ ಸಿಯರ್ ಇರೋದು ಕೋವಿಯ ಲೋಹದ ದೇಹಕ್ಕೆ, ಟ್ರಿಗರ್ ಇರೋದು ಕೆಳಗಿನ ಗಾರ್ಡ್‌ಗೆ. ಎರಡರ ನಡುವೆ ಇರೋದು ಮರ. ಕೊಡಗಿನ ಮಳೆಗೆ ಮರ ಉಬ್ಬಿ, ಬೇಸಿಗೆಗೆ ಕುಗ್ಗಿ, ಅಂತರವೇ ಬದಲಾಗಿತ್ತು. ಮೇಲಿಂದ ಒಣಗಿ ಗೋಂದಾದ ಹಳೇ ಎಣ್ಣೆ. ಉಕ್ಕಿನಲ್ಲಿ ಏನೂ ತಪ್ಪಿರಲಿಲ್ಲ, ನಾನು ಕೈ ಹಾಕೋವರೆಗೆ. ಅವರು ಹೊಸ ಸಿಯರ್ ಹಾಕಿ, ಮರ ಸರಿಯಾಗಿ ಕೂರಿಸಿ, ಎಣ್ಣೆಯ ಜಿಡ್ಡು ತೊಳೆದ್ರು. ತೂಗಿದ್ರೆ 2.5 ಕಿಲೋ. 1.4 ಅಲ್ಲ. ಆದ್ರೆ ಕರಕರ ಇಲ್ಲ, ಜಾರಿಕೆ ಇಲ್ಲ. ಗಾಜಿನ ಕಡ್ಡಿ ಮುರಿದ ಹಾಗೆ ಬಿಡುತ್ತೆ. ಕೈಗೆ ಅದು ಅರ್ಧ ತೂಕ ಅನ್ಸುತ್ತೆ. ಬೆರಳಿಗೆ ಕಷ್ಟ ಕೊಡೋದು ಬರೀ ಭಾರ ಅಲ್ಲ, ಯಾವಾಗ ಬಿಡುತ್ತೆ ಅಂತ ಗೊತ್ತಾಗದೇ ಇರೋದು.

ಆಮೇಲೆ ಪರೀಕ್ಷೆ. ಕೋವಿ ಖಾಲಿ ಅಂತ ಇಬ್ಬರು ನೋಡಬೇಕು, ನಳಿಗೆ ಸುರಕ್ಷಿತ ದಿಕ್ಕಿಗೇ ಇರಬೇಕು. ಬೋಲ್ಟನ್ನ ಜೋರಾಗಿ ಹತ್ತಾರು ಸಲ ಮುಚ್ಚಬೇಕು, ಒಂದು ಸಲಾನೂ ಪಿನ್ ಬೀಳಬಾರದು. ಸೇಫ್ಟಿ ಹಾಕಿ ಟ್ರಿಗರ್ ಎಳೆದು ಬಿಡಬೇಕು, ಸೇಫ್ಟಿ ತೆಗೆದಾಗಲೂ ಬೀಳಬಾರದು. ಬಟ್ಟಿಗೆ, ಪಕ್ಕಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಬೇಕು. ಒಂದು ಸಲ ಬಿದ್ರೂ ಆ ಕೋವಿ ಫೇಲ್. "ತೊಂಬತ್ತೊಂಬತ್ತು ಪರ್ಸೆಂಟ್ ಪಾಸ್" ಅನ್ನೋ ಮಾತು ಇಲ್ಲಿ ನಡೆಯಲ್ಲ.

ಇದು ಹಳ್ಳಿ ರಿಪೇರಿಯ ಸಮಸ್ಯೆ ಮಾತ್ರ ಅಂದ್ಕೋಬೇಡಿ. 2014ರ ಏಪ್ರಿಲ್‌ನಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ, 2006ರಿಂದ ಮಾಡಿದ್ದ ಮಾಡೆಲ್ 700 ರೈಫಲ್‌ಗಳ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್‌ಗಳನ್ನ ವಾಪಸ್ ಕರೆಸ್ತು. ಕಾರಣ? ಜೋಡಿಸೋವಾಗ ಅಂಟು ಸ್ವಲ್ಪ ಹೆಚ್ಚಾಗಿ, ಗುಂಡು ತಾನಾಗಿ ಹಾರೋ ಸಾಧ್ಯತೆ ಇತ್ತು. ಅಷ್ಟು ದೊಡ್ಡ ಕಾರ್ಖಾನೆ, ಒಂದು ತೊಟ್ಟು ಅಂಟು.

ಸ್ಪರ್ಧೆಗಳಲ್ಲೂ ಕನಿಷ್ಠ ಭಾರದ ನಿಯಮ ಇದೆ. 10 ಮೀಟರ್ ಏರ್ ಪಿಸ್ತೂಲಿಗೆ 500 ಗ್ರಾಂ, 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್‌ಗೆ 1500 ಗ್ರಾಂ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ, ನಮ್ಮ ಹಾಗೇ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 50 ಮೀಟರ್ ಪಿಸ್ತೂಲಿನಲ್ಲಿ, ಅದಕ್ಕೆ ಈ 500 ಗ್ರಾಂ ನಿಯಮ ಇಲ್ಲ. ನಿಯಮ ಇರೋ ಸ್ಪರ್ಧೆಗಳಲ್ಲಿ ಆಯುಧಕ್ಕೆ ತೂಕದ ಬಟ್ಟು ನೇತುಹಾಕಿ ಪರೀಕ್ಷೆ ಮಾಡ್ತಾರೆ. ಅದೂ ರೇಂಜಿನಲ್ಲಿ, ಶಿಸ್ತಿನ ಮಧ್ಯೆ. ಹಬ್ಬದ ಮನೆ ಅಂಗಳದಲ್ಲಿ, ಮಕ್ಕಳು ಓಡಾಡೋ ಕಡೆ ಎರಡೂವರೆ ಕಿಲೋ ಭಾರವೇ ಒಂದು ಬೇಲಿ.

ಹೋದ ಕೈಲ್ ಪೊಳ್ದ್‌ನಲ್ಲಿ ಅಣ್ಣನೇ ಆ ಎಲ್ಲ ಪರೀಕ್ಷೆ ಮಾಡಿದ. ನಾನು ಸುಮ್ಮನೆ ನೋಡ್ತಾ ನಿಂತಿದ್ದೆ. ಆಮೇಲೆ ಕೋವಿ ನನ್ನ ಕೈಗೆ ಕೊಟ್ಟ. ಎರಡನೇ ಗುಂಡಿಗೆ ಕಾಯಿ ಒಡೀತು. ಅಣ್ಣನ ಮಗಳು ದೂರದ ಜಗಲಿ ಮೇಲಿಂದ ಚಪ್ಪಾಳೆ ಹೊಡೆದಳು. ಅವಳನ್ನ ಅಲ್ಲಿ ಕೂರಿಸಿದ್ದು ನಾನೇ.

ಕೊಂಡಪಲ್ಲಿಯಿಂದ ತಂದ ಆನೆ ಈಗ ನನ್ನ ಮಾನಿಟರ್ ಪಕ್ಕ ಇದೆ. ಏನಾದ್ರೂ ಬಿಗಿ ಅನ್ಸಿದ ತಕ್ಷಣ ಉಜ್ಜೋಕೆ ಹೊರಟಾಗ ಅದರ ಸೊಂಡಿಲು ನೋಡ್ತೀನಿ. ಬಿಗಿ ಯಾಕಿದೆ ಅಂತ ಮೊದಲು ಕೇಳಿ.